ಲಕ್ಕುಂಡಿ-ಡಂಬಳ ಒಂದು ದಿನದ ಟೂರ್: ಗಾಡಿಗೆ ಎರಡು ಸ್ಟಾರ್, ಮಾಸ್ತರರಿಗೆ ಐದು

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ದಂಡ ಆಗಲಿಲ್ಲ. ಆದರೂ ಬುಕ್ ಮಾಡುವ ಮುಂಚೆ ಇದನ್ನು ಪೂರ್ತಿ ಓದಿ. ಗದಗಿನ ಸುತ್ತಮುತ್ತಲಿನ ಹಳೇ ಗುಡಿಗಳನ್ನು ತೋರಿಸುವ ಈ ಟೂರ್‌ನಲ್ಲಿ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅಂತ ಅವರ ಜಾಹೀರಾತು ನೋಡಿದರೆ ಗೊತ್ತಾಗುವುದಿಲ್ಲ. ಏಸಿ ಗಾಡಿ, ನೀರಿನ ಬಾಟಲಿ, ರೊಟ್ಟಿ ಊಟ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಜೊತೆಗೆ ಗೈಡ್ ಆಗಿ ಬರುವ ಮಾಸ್ತರರ ಬಗ್ಗೆ ಒಂದೇ ಸಾಲು, ಅದೂ ತೀರಾ ಕೆಳಗೆ. ನನ್ನ ಕೇಳಿದ್ದರೆ ಉಲ್ಟಾ ಬರೆಸುತ್ತಿದ್ದೆ.

ಹೆಸರು ಹಾಕುವುದಿಲ್ಲ. ಹುಬ್ಬಳ್ಳಿಯಿಂದ ಭಾನುವಾರ ಹೀಗೆ ಗಾಡಿ ಬಿಡುವವರು ಬಹಳ ಜನ ಇದ್ದಾರೆ, ಅವರಲ್ಲಿ ಇವರೂ ಒಬ್ಬರು. ಫೋನ್ ಮಾಡಿದಾಗ ‘ಆ ರಿಟೈರ್ಡ್ ಡ್ರಾಯಿಂಗ್ ಮಾಸ್ತರು ಬರ್ತಾರಾ’ ಅಂತ ಕೇಳಿ. ಹೌದು ಅಂದರೆ ದುಡ್ಡು ಕಳಿಸಿ, ಇಲ್ಲ ಅಂದರೆ ಸುಮ್ನೆ ಬಸ್ಸಿಗೆ ಹೋಗಿ. ಹುಬ್ಬಳ್ಳಿಯಿಂದ ಗದಗ ಅರವತ್ತು ಕಿಲೋಮೀಟರ್ ಹತ್ತಿರ, ಅಲ್ಲಿಂದ ಲಕ್ಕುಂಡಿ ಹನ್ನೊಂದೋ ಹನ್ನೆರಡೋ. ಬಸ್ಸು ಬೇಕಾದಷ್ಟಿವೆ.

ಗಾಡಿಯ ಕಥೆ ಬೇಗ ಮುಗಿಸುತ್ತೇನೆ. ಬೆಳಿಗ್ಗೆ ಆರೂವರೆಗೆ ಚೆನ್ನಮ್ಮ ಸರ್ಕಲ್ ಹತ್ತಿರ ನಿಲ್ಲಿ ಅಂದರು, ಬಂದದ್ದು ಏಳು ಕಾಲಿಗೆ. ಏಸಿ ಅಣ್ಣಿಗೇರಿವರೆಗೆ ಇತ್ತು, ಆಮೇಲೆ ‘ಗ್ಯಾಸ್ ಖಾಲಿ ಆಗೇತ್ರಿ’. ಕೊನೇ ಸೀಟು ಕೊಟ್ಟಿದ್ದರು, ಅಲ್ಲಿ ಕೂತರೆ ಪ್ರತಿ ಹಂಪ್‌ಗೂ ತಲೆ ಮೇಲೆ ಬಡಿಯುತ್ತದೆ. ಹನ್ನೆರಡು ಜನ ಅಂತ ಹೇಳಿ ಹದಿನಾರು ಜನರನ್ನು ತುಂಬಿದ್ದರು. ಕೈಗೆ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಲಕ್ಕುಂಡಿಯ ಜಿನಾಲಯ 1107ರದ್ದು ಅಂತಿತ್ತು. ಮಾಸ್ತರರು ಹತ್ತಿದವರೇ ಎಲ್ಲರ ಹಾಳೆ ಇಸಿದುಕೊಂಡು ಪೆನ್ನಿಂದ ಒಂದು ಅಂಕಿ ತಿದ್ದಿ 1007 ಮಾಡಿ ವಾಪಸ್ ಕೊಟ್ಟರು. ಹದಿನಾರು ಹಾಳೆ, ಕುಲುಕುವ ಗಾಡಿಯಲ್ಲಿ. ಆಗಲೇ ಅಂದುಕೊಂಡೆ, ಈ ಮನುಷ್ಯ ಪರವಾಗಿಲ್ಲ.

ಈಗ ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ನಾನು ಮೂವತ್ತು ವರ್ಷ ಹಳೇ ಹುಬ್ಬಳ್ಳಿಯಲ್ಲಿ ಬ್ಲೌಸ್ ಹೊಲಿದವಳು. ಇತಿಹಾಸ ಓದಿದವಳಲ್ಲ. ಮಗಳು ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ ನರ್ಸ್. ಹೋದ ವರ್ಷ ಮೂರು ತಿಂಗಳು ಅಲ್ಲಿದ್ದೆ. ಒಂದು ಭಾನುವಾರ ಅವಳು ಕಿಲ್ಪೆಕ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋದಳು. ಹತ್ತಿಪ್ಪತ್ತು ಮನೆ, ಕುರಿ, ಹಸಿರು, ಮಧ್ಯೆ ಒಂದು ಪುಟ್ಟ ಚರ್ಚ್. ಸುಮಾರು 1140ರಲ್ಲಿ ಕಟ್ಟಿದ್ದಂತೆ. ಕೆಂಪು ಮರಳುಗಲ್ಲು. ಹಿಂದೆ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಕೋಟೆಯ ಒಂದೆರಡು ಗೋಡೆ. ಮಗಳು ‘ಅಮ್ಮ, ಇದು ಬಹಳ ಫೇಮಸ್’ ಅಂದಳು. ನಾನು ‘ಹೌದಾ’ ಅಂದೆ. ಸುತ್ತ ಒಂದು ರೌಂಡ್ ಹಾಕಿ, ಫೋಟೋ ತೆಗೆದು, ಚಳಿ ಆಗುತ್ತದೆ ಅಂತ ಕಾರಿನಲ್ಲಿ ಕೂತೆ. ನಿಜ ಹೇಳಬೇಕಂದರೆ ಅದಕ್ಕಿಂತ ಆ ದಿನ ಕುಡಿದ ಸೂಪ್ ಚೆನ್ನಾಗಿ ನೆನಪಿದೆ.

ಆ ಚರ್ಚನ್ನು ನಾನು ಸರಿಯಾಗಿ ನೋಡಿದ್ದು ಲಕ್ಕುಂಡಿಯಲ್ಲಿ.

ದಾರಿಯಲ್ಲಿ ಅಣ್ಣಿಗೇರಿ ಅಮೃತೇಶ್ವರನ ಗುಡಿಗೆ ಇಪ್ಪತ್ತು ನಿಮಿಷ ಕೊಟ್ಟರು. 76 ಕಂಬ ಇವೆ ಅಂತ ಹೇಳಿ, ಅರ್ಧ ಎಣಿಸುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ಗದಗಿನಲ್ಲಿ ತಿಂಡಿ, ಒಗ್ಗರಣೆ ಮಿರ್ಚಿ. ಮಿರ್ಚಿ ಬಿಸಿಯಿತ್ತು, ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ.

ಲಕ್ಕುಂಡಿಗೆ ಬಂದ ಮೇಲೆ ಮಾಸ್ತರರ ರಾಜ್ಯ. ಶಾಸನದಲ್ಲಿ ಊರಿನ ಹೆಸರು ಲೊಕ್ಕಿಗುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರ ಮಾತು. ಎಲ್ಲ ಗೈಡುಗಳೂ ಅಲ್ಲಿಂದಲೇ ಶುರು ಮಾಡುತ್ತಾರೆ, ಆಮೇಲೆ ರಾಜರ ಹೆಸರಿನ ಸರಮಾಲೆ ಬರುತ್ತದೆ, ನಮಗೆ ಆಕಳಿಕೆ ಬರುತ್ತದೆ. ಇವರು ಕಾಶಿವಿಶ್ವನಾಥ ಗುಡಿಯ ಮುಂದೆ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿದರು. ಜೇಬಿನಿಂದ ಬಳಪದ ತುಂಡು ತೆಗೆದರು. ಪಾಟಿಯ ಮೇಲೆ ಬರೆಯುತ್ತಿದ್ದೆವಲ್ಲ, ಅದೇ. ‘ಇದನ್ನ ಉಗುರಿಲೆ ಕೆರೀರಿ’ ಅಂದರು. ಕೆರೆದೆವು. ಪುಡಿ ಬಂತು. ‘ಆ ಗುಡೀ ಕಲ್ಲೂ ಇದರ ಬಳಗದ್ದೇ. ಗಣಿಯಿಂದ ತಂದಾಗ ಮೆತ್ತಗ ಇರ್ತೈತಿ, ಉಳಿ ಹೇಳಿದ ಮಾತು ಕೇಳ್ತೈತಿ. ಗಾಳಿಗೆ ಬಿಟ್ಟಂಗ ಬಿಟ್ಟಂಗ ಗಟ್ಟಿ ಆಗ್ತೈತಿ.’

ನನಗೆ ಅಲ್ಲೇ ಕಿವಿ ನೆಟ್ಟಗಾಯಿತು. ಹಿಂದೆಲ್ಲ ನಾವು ಬಟ್ಟೆಯ ಮೇಲೆ ಗೆರೆ ಹಾಕುತ್ತಿದ್ದ ಟೇಲರ್ ಚಾಕ್ ಕೂಡ ಇದೇ ಜಾತಿಯ ಮೆತ್ತನೆ ಕಲ್ಲು. ಬೆರಳಿಗೆ ಹತ್ತಿದರೆ ಸೋಪಿನ ಹಾಗೆ ಜಾರುತ್ತದೆ. ಮೂವತ್ತು ವರ್ಷ ಕೈಯಲ್ಲಿ ಹಿಡಿದದ್ದರಿಂದಲೇ ಗುಡಿ ಕಟ್ಟಿದ್ದಾರೆ ಅಂದರೆ ಹೇಗಾಗಬೇಡ. ಅಂಥ ಕಲ್ಲಿನಲ್ಲಿ ಕೂದಲೆಳೆಯ ಕೆಲಸ ಯಾಕೆ ಸಾಧ್ಯ ಅಂತ ಇನ್ನೊಬ್ಬರು ವಿವರಿಸುವುದೇ ಬೇಡವಾಯಿತು.

ಆಮೇಲೆ ಬಾಗಿಲು. ಲಕ್ಕುಂಡಿಗೆ ಹೋದವರು ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡು ಒಳಗೆ ಹೋಗಿಬಿಡುತ್ತಾರೆ. ನಾವು ಒಂದೇ ದ್ವಾರಬಂಧದ ಮುಂದೆ ನಲವತ್ತು ನಿಮಿಷ ನಿಂತೆವು. ಗೊಣಗಿದವರೂ ಇದ್ದರು. ಪಟ್ಟಿ ಪಕ್ಕ ಪಟ್ಟಿ, ಪಟ್ಟಿ ಪಕ್ಕ ಪಟ್ಟಿ. ಒಂದರಲ್ಲಿ ಬಳ್ಳಿ ಸುರುಳಿ ಸುತ್ತುತ್ತಾ ಮೇಲೆ ಹತ್ತುತ್ತದೆ, ಇನ್ನೊಂದರಲ್ಲಿ ಪುಟ್ಟ ಪುಟ್ಟ ಮನುಷ್ಯರು, ಮತ್ತೊಂದು ಬರೀ ಸಣ್ಣ ಕಂಬದ ಹಾಗೆ. ಮೇಲೆ ಗಜಲಕ್ಷ್ಮಿ. ನನ್ನ ಕಣ್ಣಿಗೆ ಅದು ಸೀರೆಯ ಅಂಚೇ. ಇಳಕಲ್ ಅಂಚು ಹೇಗೆ ಒಂದೇ ಉಸಿರಲ್ಲಿ ಸೀರೆ ಉದ್ದಕ್ಕೂ ಓಡುತ್ತದೋ ಹಾಗೆ. ಅಂಚು ಮೂಲೆಯಲ್ಲಿ ತಿರುಗುವ ಕಡೆ ಡಿಸೈನ್ ಕೂಡಿಸುವುದು ಎಷ್ಟು ಕಷ್ಟ ಅಂತ ಹೊಲಿದವರಿಗೇ ಗೊತ್ತು. ನಾನು ಮೊದಲು ನೋಡಿದ್ದೇ ಆ ಮೂಲೆಗಳನ್ನು. ಕೂಡಿದೆ. ತಪ್ಪಿಲ್ಲ.

ಮಾಸ್ತರರಿಗೆ ಇದನ್ನು ಹೇಳಿದೆ. ಅವರಿಗೆ ಖುಷಿಯಾಯಿತು. ‘ನೀವು ಹೊಲಿಗಿಯವ್ರೇನ್ರಿ? ಹಂಗಾದ್ರ ಗ್ವಾಡಿ ನೋಡ್ರಿ’ ಅಂತ ಪಕ್ಕಕ್ಕೆ ಕರೆದರು. ಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲು ಕಲ್ಲಿಗೆ ತಿಕ್ಕಿ ಕೂಡಿಸಿದ್ದಾರೆ. ಕೂಡುಗೆರೆ ಹುಡುಕಿದರೆ ಸಿಗುತ್ತದೆ, ಆದರೆ ಕೆತ್ತನೆ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ದಾಟಿ ಹೋಗುತ್ತದೆ. ಕಲ್ಲು ಕೂಡಿಸಿ ನಿಲ್ಲಿಸಿದ ಮೇಲೂ ಕೆತ್ತುವ ಕೆಲಸ ನಡೆಯುತ್ತಿತ್ತಂತೆ. ಅಂದರೆ ಮೊದಲು ಹೊಲಿಗೆ, ಆಮೇಲೆ ಕಸೂತಿ.

ಆಗ ನಾನು ಸುಮ್ಮನಿರಲಾರದೆ ಹೇಳಿದೆ, ಇಂಗ್ಲೆಂಡಿನಲ್ಲೂ ಇಂಥದೊಂದು ಬಾಗಿಲು ನೋಡಿದ್ದೆ, ಸಣ್ಣ ಚರ್ಚು ಅಂತ. ಮಾಸ್ತರರು ನಿಂತುಬಿಟ್ಟರು. ‘ಫೋಟೋ ಐತೇನ್ರಿ?’

ಇತ್ತು. ಇಪ್ಪತ್ತೇಳು ಫೋಟೋ. ಇಪ್ಪತ್ತೇಳರಲ್ಲೂ ಬಾಗಿಲ ಮುಂದೆ ಮೊಮ್ಮಗ ನಿಂತಿದ್ದಾನೆ.

ನಾಚಿಕೆಯಾಯಿತು. ಅವರು ಮಾತ್ರ ಕನ್ನಡಕ ಹಣೆಗೆ ಏರಿಸಿ, ಮೊಬೈಲನ್ನು ಕಂಬದ ನೆರಳಿಗೆ ಹಿಡಿದು, ಎರಡು ಬೆರಳಿಂದ ದೊಡ್ಡದು ಮಾಡುತ್ತಾ ಹೋದರು. ಹುಡುಗನ ಟೋಪಿ ಬಿಟ್ಟು ಮೇಲೆ, ಕಿವಿ ಬಿಟ್ಟು ಪಕ್ಕಕ್ಕೆ. ಐದು ನಿಮಿಷ ಮಾತಿಲ್ಲ. ಉಳಿದವರು ಆ ಕಡೆ ಸೆಲ್ಫಿ ತೆಗೆಯುತ್ತಿದ್ದರು. ಆಮೇಲೆ ಮೊಮ್ಮಗನ ಎಡಗಿವಿಯ ಹಿಂದೆ ಬೆರಳಿಟ್ಟು ‘ಇದೇನ್ರಿ ಇದು’ ಅಂದರು.

ಕಂಬದ ತಲೆಯ ಮೇಲೆ ಒಂದು ಮುಖ. ಬಾಯಿ ತೆರೆದಿದೆ. ಬಾಯಿಂದ ಬಳ್ಳಿ ಹೊರಗೆ ಬಂದು ಎರಡೂ ಕಡೆ ಸುರುಳಿ ಸುತ್ತಿದೆ. ಇಪ್ಪತ್ತೇಳು ಸಲ ಫೋಟೋ ತೆಗೆದ ಜಾಗದಲ್ಲಿ ನನಗೆ ಅದು ಕಂಡೇ ಇರಲಿಲ್ಲ. ಮಾಸ್ತರರು ತಲೆ ಎತ್ತಿ ಕಾಶಿವಿಶ್ವನಾಥನ ಗೋಡೆ ತೋರಿಸಿದರು. ಅಲ್ಲಿ ಕಮಾನಿನ ನೆತ್ತಿಯ ಮೇಲೆ ಕೀರ್ತಿಮುಖ. ಕಣ್ಣು ಗುಡ್ಡೆ, ಬಾಯಿ ತೆರೆದಿದೆ, ಬಾಯಿಂದ ಸರ ಇಳಿದು ಬಳ್ಳಿಯಾಗಿ ಹೋಗಿದೆ. ‘ಅವರು ಇವರ್ನ ನೋಡಿಲ್ಲ, ಇವರು ಅವರ್ನ ನೋಡಿಲ್ಲ. ಆದ್ರ ಕಲ್ಲಿನ ಬಾಯಾಗ ಬಳ್ಳಿ ಬೆಳಸೂದು ಇಬ್ಬರಿಗೂ ಬೇಕಾಗೈತಿ, ನೋಡ್ರಿ’ ಅಂದರು. ಇಂಗ್ಲೆಂಡಿನ ಹಳೇ ಚರ್ಚುಗಳಲ್ಲಿ ಇಂಥ ಎಲೆ ಮುಖ ಬೇಕಾದಷ್ಟಿವೆ, ಅದಕ್ಕೆ ಗ್ರೀನ್ ಮ್ಯಾನ್ ಅನ್ನುತ್ತಾರೆ ಅಂತ ಮಗಳು ಆಮೇಲೆ ಹೇಳಿದಳು.

ಅಲ್ಲಿಂದ ಮುಂದೆ ನಮ್ಮಿಬ್ಬರ ಟೂರ್ ಬೇರೆ, ಉಳಿದವರದು ಬೇರೆ ಆಯಿತು. ಅವರಿಗೆ ಸ್ವಲ್ಪ ಬೇಜಾರಾಗಿರಬಹುದು. ಕ್ಷಮೆ ಇರಲಿ.

ಆ ಚರ್ಚಿನ ಬಾಗಿಲ ಮೇಲೆ ಅರ್ಧ ಚಂದ್ರಾಕಾರದ ಒಂದು ಕಲ್ಲಿದೆ, ಅದರಲ್ಲಿ ಒಂದು ಗಿಡ. ಜೀವವೃಕ್ಷ ಅನ್ನುತ್ತಾರೆ. ಪಕ್ಕದ ಕಂಬದಲ್ಲಿ ಇಬ್ಬರು ಯೋಧರು ಬಳ್ಳಿಯೊಳಗೆ ಸಿಕ್ಕಿಹಾಕಿಕೊಂಡ ಹಾಗಿದ್ದಾರೆ. ಅವರು ತೊಟ್ಟಿರುವುದು ಪ್ಯಾಂಟು! ನೆರಿಗೆ ನೆರಿಗೆಯಾಗಿ ಕೆತ್ತಿದ್ದಾರೆ. ಟೇಲರ್ ಆಗಿ ಅದನ್ನು ಅಲ್ಲೇ ನೋಡಬೇಕಿತ್ತು ನಾನು, ಮೊಬೈಲಿನಲ್ಲಿ ಮೊಮ್ಮಗನ ಭುಜದ ಪಕ್ಕ ನೋಡುವ ಹಾಗಾಯಿತು. ಬಾಗಿಲ ಕಮಾನಿನಲ್ಲಿ ಒಂದೊಂದು ಕಲ್ಲಿಗೆ ಒಂದೊಂದು ಪ್ರಾಣಿ, ಹಕ್ಕಿ, ಮುಖ. ಒಬ್ಬ ಕೂತು ಬಿಡಿಬಿಡಿಯಾಗಿ ಕೆತ್ತಿ, ಆಮೇಲೆ ಕಮಾನಿಗೆ ಜೋಡಿಸಿದ ಹಾಗೆ. ಲಕ್ಕುಂಡಿಯ ಬಾಗಿಲು ಸೀರೆಯ ಅಂಚು ಅಂದೆನಲ್ಲ, ಇದು ಕೌದಿ. ತುಂಡು ತುಂಡು ಕೂಡಿಸಿ ಹೊಲಿದ ಕೌದಿ. ಎರಡಕ್ಕೂ ಅದರದರ ಚೆಂದ. ಆದರೂ ಒಂದನ್ನೇ ಆರಿಸಿ ಅಂದರೆ ಅಂಚಿಗೇ ನನ್ನ ಓಟು.

ಚರ್ಚಿನ ಹೊರಗೆ, ಮಾಡಿನ ಕೆಳಗೆ ಸುತ್ತಲೂ ಕಲ್ಲಿನ ತಲೆಗಳಿವೆ. ಕಾರ್ಬೆಲ್ ಅಂತ ಹೆಸರು, ಮಾಡಿನ ಅಂಚನ್ನು ಹೊರುವ ಚಾಚುಗಲ್ಲು. ಈಗ ಉಳಿದಿರುವುದು 85. ಹಂದಿ, ಟಗರು, ವಾದ್ಯ ಬಾರಿಸುವವನು, ಮತ್ತೆ ಒಂದು ನಾಯಿ, ಒಂದು ಮೊಲ ಅಕ್ಕಪಕ್ಕ ಕೂತು ಸ್ನೇಹಿತರ ಹಾಗೆ ನೋಡುತ್ತಿರುವುದು. ಇದೊಂದು ಮಾತ್ರ ನನಗೆ ಮೊದಲೇ ನೆನಪಿತ್ತು, ಮೊಮ್ಮಗ ಅದನ್ನು ನೋಡಿ ಕುಣಿದಿದ್ದ. ಇನ್ನೊಂದಿದೆ, ಅದನ್ನು ಮಗಳು ನನಗೆ ತೋರಿಸದೆ ಬೇಗ ಬೇಗ ಮುಂದೆ ಕರೆದುಕೊಂಡು ಹೋಗಿದ್ದಳು. ಒಬ್ಬ ಹೆಂಗಸು ಕಾಲಗಲಿಸಿ ಕೂತಿರುವುದು. ಹೆಸರು ಶೀಲಾ ನಾ ಗಿಗ್. ಚರ್ಚಿನ ಗೋಡೆಯ ಮೇಲೆ! ಫೋಟೋದಲ್ಲಿ ಅದು ಮೂಲೆಯಲ್ಲಿ ಬಂದಿತ್ತು. ಮಾಸ್ತರರು ನೋಡಿ ನಗಲಿಲ್ಲ, ಮುಖ ಸಿಂಡರಿಸಲಿಲ್ಲ. ‘ಬಾದಾಮಿ ಮ್ಯೂಸಿಯಮ್ಮಿಗೆ ಹೋಗ್ರಿ, ಲಜ್ಜಾಗೌರಿ ಅದಾಳ, ನಾಗನಾಥಕೊಳ್ಳದಾಗ ಸಿಕ್ಕಾಕಿ’ ಅಂದರು ಅಷ್ಟೇ, ಅವಳೂ ಅದೇ ಭಂಗಿಯ ದೇವಿ. ಯಾಕೆ ಕೆತ್ತಿದರು ಅನ್ನುವುದಕ್ಕೆ ಅಲ್ಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಇಲ್ಲೂ ಅಷ್ಟೇ.

ಇನ್ನು ಪ್ಲಾನ್. ಇದು ನನಗೆ ಬಹಳ ಹಿಡಿಸಿತು. ನಾನು ಚರ್ಚಿನ ಒಳಗೆ ಹೇಗಿತ್ತು ಅಂತ ಬಾಯಲ್ಲಿ ಹೇಳುತ್ತಾ ಹೋದೆ, ಅವರು ಬಳಪದಿಂದ ಹಾಸುಗಲ್ಲಿನ ಮೇಲೆ ಬರೆಯಬಾರದು ಅಂತ ಜೆರಾಕ್ಸ್ ಹಾಳೆಯ ಹಿಂದೆ ಬರೆಯುತ್ತಾ ಹೋದರು. ಮೊದಲು ಉದ್ದನೆಯ ಹಾಲು, ಜನ ಸೇರುವ ಜಾಗ, ಅದು ನೇವ್. ಆಮೇಲೆ ಕಮಾನು ದಾಟಿದರೆ ಸ್ವಲ್ಪ ಕಿರಿದಾದ ಕೋಣೆ, ಚಾನ್ಸೆಲ್, ಪಾದ್ರಿಯ ಜಾಗ. ಅದರಾಚೆ ಅರ್ಧ ದುಂಡಗಿನ ಪುಟ್ಟ ಗೂಡು, ಆಪ್ಸ್, ಅಲ್ಲಿ ಪೂಜೆಯ ಮೇಜು. ಅವರು ಪಕ್ಕದಲ್ಲಿ ನಮ್ಮದನ್ನು ಬರೆದರು: ಕಂಬಗಳ ಹಾಲು ನವರಂಗ, ದೇವರ ಮುಂದಿನ ಸಣ್ಣ ಕೋಣೆ ಸುಕನಾಸಿ, ಆಮೇಲೆ ಗರ್ಭಗುಡಿ. ದೊಡ್ಡದು, ಸಣ್ಣದು, ಇನ್ನೂ ಸಣ್ಣದು. ಬೆಳಕು ಕೂಡ ಹಾಗೇ, ಜಾಸ್ತಿ, ಕಡಿಮೆ, ಇನ್ನೂ ಕಡಿಮೆ. ಅಂತ ಅವರು ಹೇಳಹೊರಟಾಗ ನಾನು ತಡೆದೆ. ಚರ್ಚಿನ ಆ ಗೂಡಿಗೆ ಕಿಟಕಿಗಳಿವೆ, ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತದೆ. ಯಾಕೆಂದರೆ ಅವರ ಗೂಡು ಇರುವುದೇ ಪೂರ್ವಕ್ಕೆ, ಜನ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನಮ್ಮಲ್ಲಿ ದೇವರು ಪೂರ್ವಕ್ಕೆ ನೋಡುತ್ತಾನೆ, ನಾವು ಪಶ್ಚಿಮಕ್ಕೆ ನಿಂತು ಕೈಮುಗಿಯುತ್ತೇವೆ. ಮಾಸ್ತರರು ಹಾಳೆ ತಿರುಗಿಸಿ ತಿರುಗಿಸಿ ನೋಡಿ ‘ಇದನ್ನ ನಾ ಇನ್ಮ್ಯಾಗ ಎಲ್ಲರಿಗೂ ಹೇಳ್ತೀನಿ’ ಅಂದರು. ಅದಕ್ಕೆ ನನಗೆ ಡಿಸ್ಕೌಂಟ್ ಏನೂ ಸಿಗಲಿಲ್ಲ.

ಕಾಶಿವಿಶ್ವನಾಥದಲ್ಲಿ ಇನ್ನೊಂದು ವಿಶೇಷ, ಅಲ್ಲಿ ಗರ್ಭಗುಡಿ ಎರಡು. ಶಿವನದು ಪೂರ್ವಕ್ಕೆ ಮುಖ, ಎದುರಿಗೆ ಸೂರ್ಯನ ಸಣ್ಣ ಗುಡಿ ಪಶ್ಚಿಮಕ್ಕೆ ಮುಖ. ಎದುರು ಬದುರು ಮನೆಯವರ ಹಾಗೆ. ಒಳಗಿನ ಕಂಬಗಳು ಲೇತಿನಲ್ಲಿ ತಿರುಗಿಸಿ ಕಡೆದವು. ಬಳೆ ಬಳೆಯಾಗಿ, ನನ್ನ ಮಷೀನಿನ ಬಾಬಿನ್ ಥರ, ಹೊಳಪು ಎಷ್ಟಿದೆ ಅಂದರೆ ನನ್ನ ಸೀರೆಯ ಬಣ್ಣ ಅದರಲ್ಲಿ ಕಂಡಿತು. ಮುಟ್ಟಲು ಹೋದೆ, ಮಾಸ್ತರರು ಬೈದರು. ಕೈಯ ಎಣ್ಣೆ ಕಲ್ಲಿಗೆ ಹತ್ತುತ್ತದಂತೆ. ಬೈದದ್ದು ಸರಿ.

ಬ್ರಹ್ಮಜಿನಾಲಯಕ್ಕೆ ಹೋದಾಗ ಹನ್ನೊಂದೂವರೆ, ಕಲ್ಲು ಕಾದಿತ್ತು, ಚಪ್ಪಲಿ ಹೊರಗೆ. ಸಾಕ್ಸ್ ತನ್ನಿ, ಇದೊಂದು ಸಲಹೆ. ಇದನ್ನು ಕಟ್ಟಿಸಿದ್ದು ಅತ್ತಿಮಬ್ಬೆ, 1007ರಲ್ಲಿ. ನಾವು ಶಾಲೆಯಲ್ಲಿ ಓದಿದ ದಾನಚಿಂತಾಮಣಿ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಾಕೆ, ರನ್ನನಿಂದ ಅಜಿತಪುರಾಣ ಬರೆಸಿದಾಕೆ. ಅಚ್ಚಿಲ್ಲ, ಜೆರಾಕ್ಸಿಲ್ಲ, ಸಾವಿರ ಪ್ರತಿ ಅಂದರೆ ಎಲ್ಲವೂ ಕೈಯಲ್ಲಿ, ತಾಳೆಗರಿಯ ಮೇಲೆ. ನಮ್ಮ ಟೂರ್‌ನವರು ಹದಿನಾರು ಹಾಳೆಯನ್ನು ತಪ್ಪಿಲ್ಲದೆ ಕೊಡಲಿಲ್ಲ. ಒಳಗಿನ ನಾಲ್ಕು ಮುಖದ ಬ್ರಹ್ಮನ ಮೂರ್ತಿಯ ಮುಂದೆ ಮಾತ್ರ ಯಾರೂ ಹೇಳದೆ ಎಲ್ಲರೂ ಸುಮ್ಮನಾದರು. ಮಾಸ್ತರರೂ.

ಮುಸುಕಿನ ಬಾವಿಗೆ ಸಮಯ ಸಾಲಲಿಲ್ಲ. ಮೇಲಿಂದ ಬಗ್ಗಿ ನೋಡಿದ್ದೇ ಬಂತು. ಬಾವಿಯ ಗೋಡೆಯಲ್ಲೇ ಪುಟ್ಟ ಪುಟ್ಟ ಗುಡಿಗಳಂಥ ಗೂಡುಗಳಿವೆ, ಇಳಿದು ನೋಡಬೇಕಾದ್ದು. ಬೆಳಿಗ್ಗೆ ಮುಕ್ಕಾಲು ಗಂಟೆ ಲೇಟ್ ಮಾಡಿದ್ದು ಇಲ್ಲಿ ಹೊಡೆತ ಕೊಟ್ಟಿತು. ಇದಕ್ಕೇ ನಾನು ಗಾಡಿಗೆ ಎರಡು ಸ್ಟಾರ್ ಕೊಟ್ಟದ್ದು, ಏಸಿಗಲ್ಲ.

ಊಟ ಗದಗಿನ ಒಂದು ಖಾನಾವಳಿಯಲ್ಲಿ. ರೊಟ್ಟಿ ತೆಳ್ಳಗೆ, ಎಣ್ಣೆಗಾಯಿ ಚೆನ್ನ, ಶೇಂಗಾ ಚಟ್ನಿ ಕೇಳಿದಷ್ಟು. ಮೊಸರು ಹುಳಿ. ಹೆಂಗಸರಿಗೆ ಟಾಯ್ಲೆಟ್ ಇದೆ ಅಂದಿದ್ದರು. ಇತ್ತು, ಬೀಗ ಹಾಕಿತ್ತು, ಬೀಗದ ಕೈ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿರಲಿಲ್ಲ. ಟೂರ್‌ನವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಗಂಡಸರು ಪ್ಲಾನ್ ಮಾಡಿದ ಟೂರ್ ಅಂತ ಇಲ್ಲೇ ಗೊತ್ತಾಗುತ್ತದೆ.

ಊಟದ ಮೇಲೆ ವೀರನಾರಾಯಣ ಗುಡಿ. ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಅನ್ನುವ ಕಂಬಕ್ಕೆ ಎಲ್ಲರೂ ಮುತ್ತಿಕೊಂಡರು. ಮಾಸ್ತರರು ನನ್ನನ್ನು ಹೊರಗೆ ಕರೆದು ಮಹಾದ್ವಾರದಿಂದ ಒಳಗೆ ನಡೆಸಿದರು. ದ್ವಾರ ವಿಜಯನಗರದ ಕಾಲದ್ದು, ರಂಗಮಂಟಪ ಹೊಯ್ಸಳರ ರೀತಿಯದ್ದು, ಒಳಗೆ ಹೋದ ಹಾಗೆ ಚಾಲುಕ್ಯರದು. ಹತ್ತಿಪ್ಪತ್ತು ಹೆಜ್ಜೆಯಲ್ಲಿ ಕೆಲವು ನೂರು ವರ್ಷ ಹಿಂದಕ್ಕೆ ಹೋಗುತ್ತೀರಿ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಆಲ್ಟರೇಷನ್. ಅವ್ವನ ಸೀರೆಯನ್ನು ಮಗಳಿಗೆ ಲಂಗ ಮಾಡಿ, ಅದನ್ನು ಮೊಮ್ಮಗಳಿಗೆ ಕುಲಾಯಿ ಮಾಡಿದ ಹಾಗೆ. ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಬಹಳಷ್ಟು ಹೀಗೇ ಅಂತೆ. ದುಂಡು ಕಮಾನು ಇದ್ದರೆ ಹನ್ನೆರಡನೇ ಶತಮಾನದ ನಾರ್ಮನ್ನರ ಕಾಲದ ಕೆಲಸ, ಪಕ್ಕದಲ್ಲೇ ಚೂಪು ಕಮಾನು ಇದ್ದರೆ ನಂತರದವರದು, ದೊಡ್ಡ ದೊಡ್ಡ ಕಿಟಕಿ, ಎಷ್ಟೋ ಕಡೆ ಗಂಟೆಯ ಗೋಪುರ ಕೂಡ, ಇನ್ನೂ ಆಮೇಲಿನದು. ಒಳಗೋಡೆಗೆ ಬಣ್ಣದ ಚಿತ್ರಗಳಿದ್ದವು, ಹದಿನಾರನೇ ಶತಮಾನದಲ್ಲಿ ಅಲ್ಲಿ ಪ್ರೊಟೆಸ್ಟೆಂಟ್ ಮತ ಬಂದಾಗ ಅದರ ಮೇಲೆ ಸುಣ್ಣ ಬಳಿದರು. ಈಗ ಕೆಲವು ಕಡೆ ಸುಣ್ಣ ಕೆರೆದರೆ ಕೆಳಗಿಂದ ಹಳೇ ಚಿತ್ರ ಇಣುಕುತ್ತದೆ. ಕಿಲ್ಪೆಕ್ ಫೇಮಸ್ ಆಗಿರುವುದೇ ಅಲ್ಲಿ ಕತ್ತರಿ ಜಾಸ್ತಿ ಆಡಿಲ್ಲ ಅಂತ.

ರಿಪೇರಿ ಯಾರ ಖರ್ಚು ಅಂತ ನನಗೆ ಯಾವಾಗಲೂ ಕುತೂಹಲ. ಅಲ್ಲಿ ಹಳೇ ಕಾಲದಲ್ಲಿ ಒಂದು ಪದ್ಧತಿ ಇತ್ತು: ಜನ ಕೂರುವ ನೇವ್‌ನ ಮಾಡು ಸೋರಿದರೆ ಊರವರು ದುಡ್ಡು ಹಾಕಬೇಕಿತ್ತು, ಚಾನ್ಸೆಲ್ ಸೋರಿದರೆ ಪಾದ್ರಿಯ ಜವಾಬ್ದಾರಿಯಾಗಿತ್ತು. ಒಂದೇ ಕಟ್ಟಡ, ಎರಡು ಪಾಕೀಟು. ಇದನ್ನು ಹೇಳಿದಾಗ ಮಾಸ್ತರರು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ಹೇಳಿದರು: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರಿದದ್ದು, ಹಳತಾದದ್ದು ಸರಿ ಮಾಡಿಸಲು ಅಂತ ಹೊಲ ಬಿಟ್ಟಿರುತ್ತಿದ್ದರು. ದೀಪಕ್ಕೆ ಎಣ್ಣೆ ಬೇರೆ, ಇದು ಬೇರೆ. ಕಟ್ಟುವ ದಿನವೇ ಇದು ಮುಂದೆ ಬಿರುಕು ಬಿಡುತ್ತದೆ ಅಂತ ಒಪ್ಪಿಕೊಂಡು ಬರೆದಿಟ್ಟವರು. ನಾನೂ ಬ್ಲೌಸಿಗೆ ಒಳಗೆ ಎರಡಿಂಚು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದೆ.

ಗದಗಿನದೇ ತ್ರಿಕೂಟೇಶ್ವರ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ, ಪಕ್ಕದ ಸರಸ್ವತಿ ಗುಡಿಯ ಕಂಬಗಳು ಲಕ್ಕುಂಡಿಯನ್ನೂ ಮೀರಿಸುತ್ತವೆ. ಹದಿನೈದು ನಿಮಿಷ ಕೊಟ್ಟರು. ಅನ್ಯಾಯ.

ಕೊನೆಗೆ ಡಂಬಳದ ದೊಡ್ಡಬಸಪ್ಪ. ಬಿಸಿಲು ಇಳಿದಿತ್ತು. ಹನ್ನೆರಡನೇ ಶತಮಾನದ್ದು, ಅಂದರೆ ಆ ಚರ್ಚಿನ ಓರಗೆಯದು. ಗುಡಿಯ ಗೋಡೆ ಗುಂಡಗಿದೆಯೋ ಚೌಕವಾಗಿದೆಯೋ ಹೇಳಲು ಬರುವುದಿಲ್ಲ, ಸುತ್ತಲೂ ಮೂಲೆಯೋ ಮೂಲೆ. 24 ಮೂಲೆಯ ನಕ್ಷತ್ರ. ಎಲ್ಲರೂ ‘ವಾವ್’ ಅಂದರು, ಹೇಗೆ ಗೆರೆ ಹಾಕಿದರು ಅಂತ ಯಾರೂ ಕೇಳಲಿಲ್ಲ. ಮಾಸ್ತರರು ಬ್ಯಾಗಿನಿಂದ ಚೌಕದ ರಟ್ಟು ತೆಗೆದರು. ನಡುವೆ ಒಂದು ಗುಂಡುಸೂಜಿ. ಕೆಳಗೆ ಹಾಳೆ. ಚೌಕದ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿ ರಟ್ಟನ್ನು ಚೂರು ತಿರುಗಿಸಿದರು. ಮತ್ತೆ ಗೆರೆ. ಮತ್ತೆ ಚೂರು. 15 ಡಿಗ್ರಿ ಲೆಕ್ಕದಲ್ಲಿ ಆರು ಚೌಕ ಒಂದರ ಮೇಲೊಂದು ಬಂದವು. ಆರು ನಾಲ್ಕಲೆ ಇಪ್ಪತ್ನಾಲ್ಕು. ಹೊರಗಿನ ಗೆರೆ ಮಾತ್ರ ಉಳಿಸಿ ಒಳಗಿನದು ಅಳಿಸಿದರು. ಹಾಳೆ ಎತ್ತಿ ಗುಡಿಯ ಪಕ್ಕ ಹಿಡಿದರು. ಅದೇ!

ಹಿಂದಿನ ಸೀಟಿನ ಹುಡುಗರು, ಬೆಳಿಗ್ಗೆಯಿಂದ ರೀಲ್ಸ್ ಮಾಡುತ್ತಿದ್ದವರು, ಆ ರಟ್ಟು ಇಸಿದುಕೊಂಡು ತಾವೂ ತಿರುಗಿಸಲು ಕೂತರು. ನಾನೂ ಕೇಳಿ ಇಸಿದುಕೊಂಡೆ. ಮನೆಗೆ ಬಂದು ಹಳೇ ಪಾಪ್ಲಿನ್ ಬಟ್ಟೆಯ ಮೇಲೆ ಚಾಕ್ ಹಿಡಿದು ಹಾಕಿದೆ. ಆರನೇ ಚೌಕದಲ್ಲಿ ನನ್ನದು ಕಾಲಿಂಚು ತಪ್ಪಿತು. ಅವರು ಕಲ್ಲಿನಲ್ಲಿ, ಆಳುದ್ದ ಗೋಡೆ ಎಬ್ಬಿಸಿ, ಮೇಲೆ ಶಿಖರದವರೆಗೂ ಅದೇ ಮೂಲೆಗಳನ್ನು ಒಯ್ದಿದ್ದಾರೆ.

ವಾಪಸ್ ಬಂದದ್ದು ರಾತ್ರಿ ಒಂಬತ್ತಕ್ಕೆ, ಏಳಕ್ಕೆ ಅಂದಿದ್ದರು. ತಲೆಗೆ ಸಾವಿರದ ನಾನೂರು ರೂಪಾಯಿ, ಊಟ ಸೇರಿ. ನಾಲ್ಕು ಕಡೆ ಓಡಿಸುವ ಬದಲು ಲಕ್ಕುಂಡಿ, ಡಂಬಳ ಎರಡೇ ಇಟ್ಟು ಅದೇ ದುಡ್ಡು ತೆಗೆದುಕೊಳ್ಳಲಿ, ನನ್ನ ತಕರಾರಿಲ್ಲ. ಮಾಸ್ತರರಿಗೆ ಅದರಲ್ಲಿ ಎಷ್ಟು ಕೊಡುತ್ತಾರೆ ಅಂತ ಕೇಳಿದೆ, ನಕ್ಕು ಸುಮ್ಮನಾದರು. ಹಿರಿಯರು ಹೋಗುವುದಾದರೆ ಮುಂದಿನ ಸೀಟು ಕೇಳಿ ಪಡೆಯಿರಿ, ನೀರು ನೀವೇ ಒಯ್ಯಿರಿ, ಮೈಕ್ ಇಲ್ಲದ್ದರಿಂದ ಮಾಸ್ತರರ ಹತ್ತಿರವೇ ನಿಲ್ಲಿ.

ಮರುದಿನ ಮಗಳಿಗೆ ಫೋನ್ ಮಾಡಿ ಬಾಗಿಲಿನ ಫೋಟೋ ಬೇಕು, ಬರೀ ಬಾಗಿಲಿನದು ಅಂತ ಗಂಟು ಬಿದ್ದೆ. ‘ಅಮ್ಮ, ಅಲ್ಲಿದ್ದಾಗ ಹತ್ತು ನಿಮಿಷ ನಿಲ್ಲಲಿಲ್ಲ ನೀನು’ ಅಂತ ರೇಗಿದಳು. ಎರಡು ವಾರ ಬಿಟ್ಟು ಹೋಗಿ ಬಂದು ಕಳಿಸಿದ್ದಾಳೆ. ಎಲೆ ಮುಖ, ಪ್ಯಾಂಟಿನ ಯೋಧರು, ಜೀವವೃಕ್ಷ ಎಲ್ಲ ಸ್ಪಷ್ಟ. ಮೊಮ್ಮಗ ಪಕ್ಕಕ್ಕೆ ಸರಿದು ನಿಂತಿದ್ದಾನೆ, ಒಂದು ಮೊಣಕೈ ಮಾತ್ರ ಬಂದಿದೆ. ಮಾಸ್ತರರಿಗೆ ಫಾರ್ವರ್ಡ್ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಅವರಿಂದ ವಾಯ್ಸ್ ಮೆಸೇಜ್ ಬಂತು: ‘ಮೊಣಕೈ ಹಿಂದ ಒಂದು ಹಾವಿನ ಬಾಲ ಕಾಣ್ತೈತ್ರಿ. ತಲಿ ಎಲ್ಲೈತಿ, ಹುಡುಗನ್ನ ಕೇಳ್ರಿ.’